ಮಣ್ಣಿನ ಜೀವಕ್ಕೂ ಬೇಲಿಯೆ?

ಮುಂಗಾರು ಹತ್ತಿರ ಬಂದಿತೆಂದರೆ ನಮ್ಮ ಪೇಟೆಯ ಔಷಧದ ಅಂಗಡಿಗಳ ಮುಂದೆ ಬಣ್ಣಬಣ್ಣದ ಹಲಗೆಗಳು ಏಳುತ್ತವೆ. ಒಂದು ಹಲಗೆ ವಿಷದ್ದು, ಅದರ ಪಕ್ಕದ್ದು ವಿಷರಹಿತದ್ದು. ಮಾರುವವನು ಒಬ್ಬನೇ, ಎರಡರ ಲಾಭವೂ ಒಂದೇ ಗಲ್ಲಾಪೆಟ್ಟಿಗೆಗೆ. ವಿಷರಹಿತವೆಂದು ಹೇಳುವ ಪೊಟ್ಟಣವನ್ನು ಒಡೆದರೆ ಬಳಪದ ಕಲ್ಲಿನ ನುಣ್ಣನೆಯ ಪುಡಿ ಕಾಣುತ್ತದೆ. ಆ ಪುಡಿಯಲ್ಲಿ ಸ್ಯೂಡೊಮೊನಾಸ್ ಫ್ಲೋರೆಸೆನ್ಸ್ ಎಂಬ ಹೆಸರಿನ ಬ್ಯಾಕ್ಟೀರಿಯ ಗ್ರಾಮಿಗೆ ಹತ್ತು ಕೋಟಿಯ ಲೆಕ್ಕದಲ್ಲಿ ಜೀವಂತವಾಗಿ ಇರಬೇಕು. ಇದ್ದರೆ ಅದು ಔಷಧ. ಇಲ್ಲದಿದ್ದರೆ ಅದು ಬಳಪದ ಪುಡಿ. ರೈತನು ಕೊಡುವ ಹಣ ಮಾತ್ರ ಎರಡಕ್ಕೂ ಒಂದೇ.

ಕೆಲವು ದಿನಗಳ ಹಿಂದೆ ಶುಂಠಿ ಬೆಳೆಯುವ ಒಬ್ಬ ಒಕ್ಕಲು ನಮ್ಮ ಕಚೇರಿಯ ಜಗುಲಿಯ ಮೇಲೆ ಅಂತಹ ನಾಲ್ಕು ಖಾಲಿ ಪೊಟ್ಟಣಗಳನ್ನು ತಂದು ಸುರಿದ. ಬಿತ್ತನೆಯ ಗಡ್ಡೆಗೆ ಸಾಲ, ಗೊಬ್ಬರಕ್ಕೆ ಸಾಲ, ಭೂಮಿಯ ಗೇಣಿ ಮುಂಗಡ. ಅಂಗಡಿಯವನು ಹೇಳಿದಂತೆ ಪುಡಿಯನ್ನು ಕದಡಿ ಗಡ್ಡೆಯನ್ನು ಅದ್ದಿ ನೆಟ್ಟಿದ್ದಾನೆ. ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಎಲೆ ಹಳದಿ ತಿರುಗಿ, ಬುಡ ಮೆತ್ತಗಾಗಿ, ಎಳೆದರೆ ಕಾಂಡ ಕೈಗೇ ಬಂದಿದೆ. "ಜೈವಿಕ ಅನ್ನೋದೆಲ್ಲ ಬೋಗಸ್ಸು ಸ್ವಾಮಿ, ಇನ್ನು ಜನ್ಮದಲ್ಲಿ ಮುಟ್ಟೋದಿಲ್ಲ" ಎಂದ. ಪೊಟ್ಟಣದ ಬೆನ್ನು ತಿರುಗಿಸಿ ನೋಡಿದೆವು. ಅವಧಿ ಮುಗಿದು ಎರಡು ತಿಂಗಳಾಗಿತ್ತು. ತಾರೀಖಿನ ಮೇಲೆ ಬೆಲೆಯ ಚೀಟಿ ಅಂಟಿಸಿದ್ದರು. ಬೇಸಿಗೆಯುದ್ದಕ್ಕೂ ಆ ಪೆಟ್ಟಿಗೆಗಳು ಎಲ್ಲಿದ್ದವು ಎಂದು ಕೇಳಿದ್ದಕ್ಕೆ, ಅಂಗಡಿಯ ಹಿಂದಿನ ತಗಡಿನ ಚಪ್ಪರದಲ್ಲಿ ಎಂದ. ಮೇ ತಿಂಗಳ ತಗಡಿನ ಕೆಳಗೆ ಮನುಷ್ಯನೇ ಬಾಳಲಾರ. ಸ್ಯೂಡೊಮೊನಾಸಿಗೆ ಬ್ಯಾಸಿಲಸ್ಸಿನಂತೆ ಗಟ್ಟಿ ಬೀಜಕಣ ಕಟ್ಟಿಕೊಂಡು ಮಲಗುವ ವಿದ್ಯೆ ತಿಳಿಯದು. ಅದು ಬಿಸಿಲಿಗೆ ಸಾಯುತ್ತದೆ, ಒಣಗಿದರೆ ಸಾಯುತ್ತದೆ, ಹಳತಾದರೆ ಸಾಯುತ್ತದೆ.

ನಾವು ಆ ಒಕ್ಕಲಿಗೆ ಹೇಳಿದ್ದು ಇಷ್ಟು: ಮೋಸ ಮಾಡಿದ್ದು ಬ್ಯಾಕ್ಟೀರಿಯವಲ್ಲ. ಈ ಮಾತನ್ನು ಬಿಡಿಸಿ ಹೇಳಬೇಕಾಗಿದೆ. ಏಕೆಂದರೆ ರೈತನು ರೋಸಿ ಹೋಗಿ ಮತ್ತೆ ವಿಷದ ಹಲಗೆಯ ಕಡೆಗೆ ತಿರುಗಿದರೆ ಅದೇ ಅಂಗಡಿಯವನು ಎರಡನೆಯ ಸಲ ಗೆದ್ದಂತಾಗುತ್ತದೆ.

ಗಿಡದ ಬೇರು ಸುಮ್ಮನೆ ನೀರು ಕುಡಿಯುವ ಕೊಳವೆಯಲ್ಲ. ಎಲೆಯಲ್ಲಿ ತಯಾರಾದ ಸಕ್ಕರೆ, ಆಮ್ಲಗಳಲ್ಲಿ ಒಂದು ಪಾಲನ್ನು ಅದು ಸುತ್ತಲಿನ ಮಣ್ಣಿಗೆ ಸುರಿಸುತ್ತಲೇ ಇರುತ್ತದೆ. ಆ ಅನ್ನಛತ್ರಕ್ಕೆ ಒಳ್ಳೆಯವರೂ ಬರುತ್ತಾರೆ, ಕಳ್ಳರೂ ಬರುತ್ತಾರೆ. ಫ್ಯುಸೇರಿಯಂ, ರೈಜೊಕ್ಟೋನಿಯ ಮೊದಲಾದ ಶಿಲೀಂಧ್ರಗಳು, ಶುಂಠಿಯ ಗಡ್ಡೆ ಕೊಳೆಸುವ ಪಿಥಿಯಂ, ಕಾಳುಮೆಣಸಿನ ಬಳ್ಳಿಯನ್ನು ಮೂರು ವಾರದೊಳಗೆ ಮಲಗಿಸುವ ಫೈಟಾಫ್ತೊರ ಎಲ್ಲವೂ ಅದೇ ಬಾಗಿಲಲ್ಲಿ ಕಾದಿರುತ್ತವೆ. (ಕೊನೆಯ ಎರಡನ್ನು ಈಗಿನ ಪಂಡಿತರು ನಿಜವಾದ ಶಿಲೀಂಧ್ರಗಳ ಕುಲದಿಂದ ಹೊರಗೆ ಹಾಕಿದ್ದಾರೆ, ಬಳ್ಳಿ ಕಳೆದುಕೊಂಡವನಿಗೆ ಈ ಕುಲನಿರ್ಣಯದಿಂದ ಏನೂ ಆಗಬೇಕಾಗಿಲ್ಲ.) ಬೇರಿನ ಮೇಲೆ ಒಳ್ಳೆಯ ಬ್ಯಾಕ್ಟೀರಿಯ ಮೊದಲೇ ಬೀಡು ಬಿಟ್ಟಿದ್ದರೆ ಕಳ್ಳನಿಗೆ ಕೂರಲು ಜಾಗವಿಲ್ಲ, ತಿನ್ನಲು ಕೂಳಿಲ್ಲ. ಸ್ಯೂಡೊಮೊನಾಸ್ ಮಣ್ಣಿನಲ್ಲಿರುವ ಕಬ್ಬಿಣದ ಅಂಶವನ್ನು ಸೆಳೆದು ಕಟ್ಟಿಹಾಕುವ ಹಸಿರು-ಹಳದಿ ಬಣ್ಣದ ಒಂದು ರಸವನ್ನು ಬಿಡುತ್ತದೆ. ಕಬ್ಬಿಣ ಸಿಕ್ಕದ ಶಿಲೀಂಧ್ರ ಬೆಳೆಯಲಾರದು. ಕೆಲವು ತಳಿಗಳು ಶಿಲೀಂಧ್ರವನ್ನು ನೇರವಾಗಿ ಕೊಲ್ಲುವ ಪ್ರತಿಜೀವಕಗಳನ್ನು ಸುರಿಸುತ್ತವೆ. ಬ್ಯಾಸಿಲಸ್ ಸಬ್ಟಿಲಿಸ್ ಬಿಡುವ ವಸ್ತುಗಳು ಶಿಲೀಂಧ್ರದ ಜೀವಕೋಶದ ಪೊರೆಯನ್ನೇ ತೂತು ಮಾಡುತ್ತವೆ. ಇದಕ್ಕಿಂತಲೂ ಸೋಜಿಗದ ಕೆಲಸವೆಂದರೆ, ಬೇರಿನಲ್ಲಿ ಕುಳಿತ ಈ ಜೀವಿಗಳು ಗಿಡವನ್ನೇ ಎಚ್ಚರಿಸಿಡುವುದು. ರೋಗ ಎಲೆಗೆ ಬಂದರೂ ಗಿಡ ಬೇಗ ಎದ್ದು ನಿಲ್ಲುತ್ತದೆ.

ಇದನ್ನು ಯಾವ ಕಂಪನಿಯೂ ಕಂಡುಹಿಡಿಯಲಿಲ್ಲ. ಗೋಧಿಯ ಹೊಲಗಳಲ್ಲಿ ಬೇರು ಕಪ್ಪಾಗಿ ತೆನೆ ಜೊಳ್ಳಾಗುವ ಒಂದು ರೋಗವಿದೆ. ಒಂದೇ ಹೊಲದಲ್ಲಿ ವರ್ಷ ವರ್ಷವೂ ಗೋಧಿಯನ್ನೇ ಬಿತ್ತಿದರೆ ಮೊದಲ ಕೆಲವು ವರ್ಷ ರೋಗ ಏರುತ್ತದೆ, ಬೆಳೆ ಹಾಳಾಗುತ್ತದೆ. ಆಮೇಲೂ ಧೈರ್ಯ ಬಿಡದೆ ಬಿತ್ತಿದರೆ ರೋಗ ತಾನಾಗಿಯೇ ಇಳಿಯುತ್ತದೆ. ಯೂರೋಪು, ಅಮೆರಿಕ, ಆಸ್ಟ್ರೇಲಿಯಗಳ ರೈತರು ಇದನ್ನು ಕಣ್ಣಾರೆ ಕಂಡಿದ್ದರು. ಆ ಮಣ್ಣನ್ನು 60 ಡಿಗ್ರಿ ಬಿಸಿ ಮಾಡಿದರೆ ಅದರ ಶಕ್ತಿ ಹೋಗುತ್ತದೆ. ಅದರ ಒಂದು ಹಿಡಿಯನ್ನು ಬೇರೆ ಮಣ್ಣಿಗೆ ಬೆರೆಸಿದರೆ ಶಕ್ತಿ ಅಲ್ಲಿಗೂ ಹಬ್ಬುತ್ತದೆ. ಅಂದರೆ ಅದು ಜೀವದ ಶಕ್ತಿ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಆರ್. ಜೇಮ್ಸ್ ಕುಕ್ ಮತ್ತು ಅವರ ಸಂಗಡಿಗರು ಇಂತಹ ಮಣ್ಣುಗಳನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಇಲ್ಲಿ ಕೆಲಸ ಮಾಡುತ್ತಿರುವವು ಸ್ಯೂಡೊಮೊನಾಸ್ ಜಾತಿಯವು ಎಂದು ಕೊನೆಗೆ ತಿಳಿದುಬಂದಿತು. ಉತ್ತ ರೈತ, ಉಳಿಸಿಕೊಂಡು ಬಂದ ಮಣ್ಣು, ಪ್ರಜೆಗಳ ತೆರಿಗೆಯಿಂದ ನಡೆದ ಪ್ರಯೋಗಶಾಲೆ—ಈ ಜ್ಞಾನದ ತಂದೆತಾಯಿಗಳು ಇವರು.

ನಮ್ಮ ನಾಡಿನಲ್ಲೂ ಒಂದು ಕಾಲದಲ್ಲಿ ವಿದ್ಯೆ ಹೀಗೆಯೇ ಹರಿದಿತ್ತು. ಅಡಕೆಯ ಕೊಳೆರೋಗಕ್ಕೆ ಕೊನೆಗೆ ಕೊಟ್ಟೆ ಕಟ್ಟುವುದೊಂದೇ ಉಪಾಯವಾಗಿದ್ದ ದಿನಗಳಲ್ಲಿ, 1908ರಲ್ಲಿ ಮೈಸೂರು ಸಂಸ್ಥಾನದ ನೌಕರಿಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ನರು ಮಲೆನಾಡಿನ ತೋಟಗಳಿಗೆ ನಡೆದು ಹೋಗಿ, ರೋಗದ ಕಾರಣವನ್ನು ಹಿಡಿದು, ಬೋರ್ಡೋ ದ್ರಾವಣವನ್ನು ಅಡಕೆಯ ಕೊನೆಗೆ ಹೊಡೆಯುವ ಕ್ರಮವನ್ನು ರೂಢಿಗೆ ತಂದರು. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರು ನೀರು. ಈ ಲೆಕ್ಕ ಇವತ್ತಿಗೂ ಮಲೆನಾಡಿನ ಪ್ರತಿಯೊಬ್ಬ ಕೊನೆಗಾರನ ಬಾಯಲ್ಲಿದೆ. ಅದಕ್ಕೆ ಯಾರೂ ಹಕ್ಕುಸ್ವಾಮ್ಯದ ಚೀಟಿ ಅಂಟಿಸಲಿಲ್ಲ. ನಾವು ಅರಸೊತ್ತಿಗೆಯ ಅಭಿಮಾನಿಗಳಲ್ಲ; ಆದರೂ ಅರಸರ ಕಾಲದ ಇಲಾಖೆಯವನೊಬ್ಬ ರೈತನ ಅಂಗಳಕ್ಕೆ ಬಂದು ಪುಕ್ಕಟೆಯಾಗಿ ಕಲಿಸಿದ್ದನ್ನು, ಪ್ರಜಾಪ್ರಭುತ್ವದ ಇಲಾಖೆ ಅಂಗಡಿಯ ಏಜೆಂಟನ ಕೈಗೆ ಕೊಟ್ಟು ಕೂತಿದೆ ಎಂದು ಹೇಳದೆ ನಿರ್ವಾಹವಿಲ್ಲ.

ಬ್ಯಾಕ್ಟೀರಿಯದ ಪುಡಿಯ ಕಥೆಯನ್ನೇ ನೋಡಿ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾನಿಲಯದ ಪಿ. ವಿದ್ಯಾಶೇಖರನ್ ಮತ್ತು ಎಂ. ಮುತ್ತಮಿಳನ್ ಅವರು ಕಡಲೆಯ ಸೊರಗು ರೋಗದ ಮೇಲೆ ಸ್ಯೂಡೊಮೊನಾಸನ್ನು ಪ್ರಯೋಗಿಸಿ, ಅದನ್ನು ಬಳಪದ ಕಲ್ಲಿನ ಪುಡಿಯಲ್ಲಿ ತಿಂಗಳುಗಟ್ಟಲೆ ಜೀವಂತವಾಗಿ ಇಡುವ ಕ್ರಮವನ್ನು 1995ರಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ಅದು ಗಾಜಿನ ತಟ್ಟೆಯ ಜೀವಿ. ಅಲ್ಲಿಂದ ಮುಂದೆ ರೈತನ ಬೀಜದ ಬುಟ್ಟಿಗೆ ಬಂದಿತು. ಕಿಲೊ ಬೀಜಕ್ಕೆ ಹತ್ತು ಗ್ರಾಂ ಪುಡಿ, ಅಥವಾ ಹೆಕ್ಟೇರಿಗೆ ಎರಡೂವರೆ ಕಿಲೊ ಪುಡಿಯನ್ನು 50 ಕಿಲೊ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಮಣ್ಣಿಗೆ—ಇಷ್ಟೇ. ಇದು ಸಾರ್ವಜನಿಕ ಹಣದ ಸಂಶೋಧನೆ. ಇವತ್ತು ಪೊಟ್ಟಣದ ಮೇಲೆ ಯಾವ ವಿಶ್ವವಿದ್ಯಾನಿಲಯದ ಹೆಸರಿದೆ? ಕಂಪನಿಯ ಹೆಸರಿದೆ, ನಗುವ ರೈತನ ಚಿತ್ರವಿದೆ.

ಸಮುದ್ರದಾಚೆಯ ಆಟ ಇದಕ್ಕಿಂತ ದೊಡ್ಡದು. 1980ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ಪ್ರಯೋಗಶಾಲೆಯಲ್ಲಿ ಮಾರ್ಪಡಿಸಿದ ಜೀವಂತ ಬ್ಯಾಕ್ಟೀರಿಯದ ಮೇಲೆ ಹಕ್ಕುಸ್ವಾಮ್ಯ ಸಲ್ಲುತ್ತದೆಂದು ಐದಕ್ಕೆ ನಾಲ್ಕರ ಬಹುಮತದಿಂದ ತೀರ್ಪಿತ್ತಿತು. ಮೊಕದ್ದಮೆಯ ಬ್ಯಾಕ್ಟೀರಿಯ ಎಣ್ಣೆಯನ್ನು ತಿನ್ನುವಂಥದು, ಕುಲದಿಂದ ಸ್ಯೂಡೊಮೊನಾಸೇ. ಜೀವವನ್ನು ಸೊತ್ತು ಮಾಡುವ ಬಾಗಿಲು ಅಲ್ಲಿ ತೆರೆಯಿತು. ಆಮೇಲೆ ಕ್ಯಾಲಿಫೋರ್ನಿಯದ ಒಂದು ಪೀಚ್ ತೋಟದ ಮಣ್ಣಿನಿಂದ ತೆಗೆದ ಬ್ಯಾಸಿಲಸ್ಸಿನ ಒಂದು ತಳಿಗೆ ಸಂಖ್ಯೆ ಕೊಟ್ಟು, ಹಕ್ಕುಸ್ವಾಮ್ಯ ಪಡೆದು, ಶಿಲೀಂಧ್ರನಾಶಕವಾಗಿ ಮಾರಾಟಕ್ಕೆ ಇಟ್ಟರು. ಅದನ್ನು ಮಾರುತ್ತಿದ್ದ ಆಗ್ರಾಕ್ವೆಸ್ಟ್ ಎಂಬ ಸಣ್ಣ ಕಂಪನಿಯನ್ನು 2012ರಲ್ಲಿ ಜರ್ಮನಿಯ ಬೇಯರ್ ಕಂಪನಿ 42.5 ಕೋಟಿ ಡಾಲರಿಗೂ ಮೇಲ್ಪಟ್ಟ ಬೆಲೆಗೆ ಕೊಂಡಿತು. ವಿಷ ಮಾರುವ ಧಣಿಯೇ ವಿಷಕ್ಕೆ ಬದಲಿಯಾಗಿ ಬಂದದ್ದನ್ನೂ ಕೊಂಡುಕೊಂಡ. ಇದರಲ್ಲಿ ಆಶ್ಚರ್ಯಪಡುವುದೇನಿದೆ? ಬಂಡವಾಳಕ್ಕೆ ವಿಷವೂ ಬೇಡ, ಅಮೃತವೂ ಬೇಡ. ಬೇಲಿ ಹಾಕಿಕೊಳ್ಳಲು ಒಂದು ಜಾಗ ಬೇಕು.

ನಮ್ಮ ಪಾರ್ಲಿಮೆಂಟು ಸುಮ್ಮನಿರಲಿಲ್ಲ. ವಿಶ್ವ ವಾಣಿಜ್ಯ ಸಂಸ್ಥೆಯ ಕರಾರಿಗೆ ತಲೆಬಾಗಿ 2002ರಲ್ಲಿ ಪೇಟೆಂಟ್ ಕಾನೂನನ್ನು ತಿದ್ದಿದಾಗ, ಗಿಡಗಳಿಗೆ ಇಲ್ಲ, ಪ್ರಾಣಿಗಳಿಗೆ ಇಲ್ಲ, ಆದರೆ "ಸೂಕ್ಷ್ಮಜೀವಿಗಳ ಹೊರತು" ಎಂದು ಒಂದು ಸಣ್ಣ ಮಾತನ್ನು ನಡುವೆ ಸೇರಿಸಿದರು. ನಿಸರ್ಗದಲ್ಲಿ ಇದ್ದ ಹಾಗೆಯೇ ಇರುವ ಜೀವಿಗೆ ಹಕ್ಕು ಸಿಗದು ಎಂಬ ಕಲಮು ಇದೆ, ನಿಜ. ಜೀವವೈವಿಧ್ಯದ ಕಾಯಿದೆಯೂ ಅದೇ ವರ್ಷ ಬಂದಿತು. ಆದರೆ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ದಾಖಲೆ ಪುಸ್ತಕವನ್ನು ತೆರೆದು ನೋಡಿದವರು ಹೇಳಲಿ: ಮರ, ಮೀನು, ಬಳ್ಳಿ, ಮೂಲಿಕೆಗಳ ಪಕ್ಕದಲ್ಲಿ ಆ ಊರ ಮಣ್ಣಿನ ಬ್ಯಾಕ್ಟೀರಿಯಕ್ಕೆ ಒಂದು ಸಾಲಾದರೂ ಇದೆಯೆ? ಕಣ್ಣಿಗೆ ಕಾಣದ ಸೊತ್ತು ಕಳವಾದರೆ ಫಿರ್ಯಾದಿ ಕೊಡುವವರು ಯಾರು?

ಮತ್ತೆ ಪೊಟ್ಟಣಕ್ಕೆ ಬರೋಣ. ಶಿಲೀಂಧ್ರವನ್ನು ಹತ್ತಿಕ್ಕುವ ಈ ಪುಡಿಗಳು 1968ರ ಕೀಟನಾಶಕ ಕಾಯಿದೆಯ ಕೆಳಗೆ ಬರುತ್ತವೆ. ನೋಂದಣಿ ಬೇಕು, ಎಣಿಕೆ ಬೇಕು, ತಾರೀಖು ಬೇಕು. ಅಂಗಡಿಯಿಂದ ಮಾದರಿ ಎತ್ತುವ ಅಧಿಕಾರ ಇನ್‌ಸ್ಪೆಕ್ಟರರಿಗೆ ಇದೆ. ರಾಸಾಯನಿಕದ ಮಾದರಿಯನ್ನು ಅವರು ಎತ್ತುವುದೂ ಉಂಟು. ಜೀವಂತ ಪುಡಿಯ ಮಾದರಿಯನ್ನು ಎತ್ತಿ ಎಣಿಸಿದ್ದನ್ನು ನಮ್ಮ ತಾಲ್ಲೂಕಿನಲ್ಲಿ ಕಂಡವರನ್ನು ನಾವು ಇನ್ನೂ ಹುಡುಕುತ್ತಿದ್ದೇವೆ. ಎಣಿಸುವುದು ಬ್ರಹ್ಮವಿದ್ಯೆಯೆ? ಒಂದು ಗ್ರಾಂ ಪುಡಿಯನ್ನು ಶುದ್ಧ ನೀರಿನಲ್ಲಿ ಹತ್ತು ಪಾಲು, ನೂರು ಪಾಲು, ಸಾವಿರ ಪಾಲು ಎಂದು ತೆಳು ಮಾಡುತ್ತ ಹೋಗಿ, ತಕ್ಕ ಆಹಾರ ಹಾಕಿದ ಗಾಜಿನ ತಟ್ಟೆಯ ಮೇಲೆ ಸವರಿ, ಎರಡು ದಿನ ಬೆಚ್ಚಗಿಟ್ಟರೆ ಚುಕ್ಕೆಗಳು ಮೂಡುತ್ತವೆ. ಕತ್ತಲೆಯಲ್ಲಿ ನೇರಳಾತೀತ ದೀಪ ಹಿಡಿದರೆ ಈ ಸ್ಯೂಡೊಮೊನಾಸಿನ ಚುಕ್ಕೆಗಳು ಹಸಿರು-ಹಳದಿ ಬೆಳಕಿನಲ್ಲಿ ಹೊಳೆಯುತ್ತವೆ. ಕಾಲೇಜಿನ ಹುಡುಗ ಹುಡುಗಿಯರು ಮಾಡುವ ಪಾಠ. ಪ್ರತಿಯೊಂದು ಜಿಲ್ಲೆಯಲ್ಲೂ ಈ ವಿದ್ಯೆ ಕಲಿತು ಕೆಲಸವಿಲ್ಲದೆ ಕೂತ ಪದವೀಧರರಿದ್ದಾರೆ. ಹಣವಿಲ್ಲ ಎಂದು ಮಂತ್ರಿ ಮಹಾಶಯರು ಹೇಳಬಾರದು. ಒಂದು ದಿನದ ಕೃಷಿಮೇಳದ ಶಾಮಿಯಾನದ ಬಾಡಿಗೆಗೆ ಒಂದು ತಾಲ್ಲೂಕಿನ ಎಣಿಕೆಯ ಕೋಣೆ ಎದ್ದು ನಿಲ್ಲುತ್ತದೆ.

ಇನ್ನು ಕೆಲವರು ಇದಕ್ಕಿಂತ ಜಾಣರು. ಔಷಧವೆಂದರೆ ನೋಂದಣಿಯ ತಾಪತ್ರಯವೆಂದು ಅದೇ ಸರಕನ್ನು "ಬೆಳವಣಿಗೆಯ ಉತ್ತೇಜಕ" ಎಂದು ಕರೆದು ಮಾರಿದರು. 2021ರಲ್ಲಿ ಉತ್ತೇಜಕಗಳನ್ನೂ ಗೊಬ್ಬರ ನಿಯಂತ್ರಣ ಆಜ್ಞೆಯ ಕೆಳಗೆ ತರುವ ತನಕ ಅವರನ್ನು ಕೇಳುವವರೇ ಇರಲಿಲ್ಲ. ಜೈವಿಕವೆಂದು ಬರೆದ ಬಾಟಲಿಯೊಳಗೆ ಕದ್ದು ರಾಸಾಯನಿಕ ಬೆರೆಸಿ "ನೋಡಿ, ಎಂಥ ಗುಣ!" ಎನ್ನುವವರ ವಿಷಯವನ್ನು ಇನ್ನೊಂದು ಸಂಚಿಕೆಗೆ ಇಡುತ್ತೇವೆ.

ವಿಷದ ಹಲಗೆಯ ಕಡೆ ಸರಕಾರದ ಧೋರಣೆ ಹೇಗಿದೆ? 2020ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ 27 ಕೀಟನಾಶಕ, ಶಿಲೀಂಧ್ರನಾಶಕಗಳನ್ನು ನಿಷೇಧಿಸುವುದಾಗಿ ಕರಡು ಆಜ್ಞೆ ಹೊರಡಿಸಿತು. ನಮ್ಮ ರೈತರು ಬುಡಕ್ಕೂ ಎಲೆಗೂ ಎಗ್ಗಿಲ್ಲದೆ ಹೊಯ್ಯುವ ಕಾರ್ಬೆಂಡಜಿಮ್, ಮ್ಯಾಂಕೊಜೆಬ್ ಎರಡೂ ಆ ಪಟ್ಟಿಯಲ್ಲಿದ್ದವು. ಕಂಪನಿಗಳು ಗದ್ದಲವೆಬ್ಬಿಸಿದವು, ಸಮಿತಿಗಳು ಕುಳಿತವು. 2023ರಲ್ಲಿ ಕೊನೆಯ ಆಜ್ಞೆ ಬಂದಾಗ ಬೆಟ್ಟ ಅಗೆದು ಇಲಿ ಹಿಡಿದ ಹಾಗಾಗಿತ್ತು. ಕಾರ್ಬೆಂಡಜಿಮ್ಮೂ ಮ್ಯಾಂಕೊಜೆಬ್ಬೂ ನಿಷೇಧವಾಗದೆ ಹೊರಗೆ ಬಂದವು. ಸರಕಾರಕ್ಕೆ ಇವು ಅಪಾಯವೆಂದು ಗೊತ್ತಿರಲಿಲ್ಲವೆ? ಗೊತ್ತಿಲ್ಲದಿದ್ದರೆ ಕರಡು ಬರೆದವರು ಯಾರು? ಗೊತ್ತಿದ್ದರೆ ಪಟ್ಟಿಯಿಂದ ಕೈಬಿಟ್ಟವರು ಯಾರು?

ಎಲ್ಲಕ್ಕಿಂತ ಕಹಿಯಾದ ಮಾತು ಇನ್ನೂ ಇದೆ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯಿತಿಯ ಸಾಮಗ್ರಿ ಬೇಕೆಂದರೆ ಪಹಣಿಯಲ್ಲಿ ಹೆಸರಿರಬೇಕು, ಫ್ರೂಟ್ಸ್ ಸಂಖ್ಯೆ ಇರಬೇಕು. ನಮ್ಮ ಜಗುಲಿಗೆ ಬಂದ ಶುಂಠಿಯ ಒಕ್ಕಲಿಗೆ ಎರಡೂ ಇಲ್ಲ. ಆತ ಒಂದು ವರ್ಷದ ಬಾಯಿಮಾತಿನ ಗೇಣಿಯವ. 1951ರಲ್ಲಿ ಕಾಗೋಡಿನ ಗೇಣಿದಾರರು ಜೈಲಿಗೆ ಹೋದರು, 1974ರ ಮಾರ್ಚ್ 1ರಿಂದ ಉಳುವವನೇ ಒಡೆಯನೆಂಬ ಕಾನೂನು ಜಾರಿಗೆ ಬಂದಿತು. ಕೆಲವು ವಿನಾಯಿತಿಗಳನ್ನು ಬಿಟ್ಟರೆ ಗೇಣಿ ಎಂಬುದೇ ಕಾಗದದ ಮೇಲೆ ಈಗ ಇಲ್ಲ. ಆದರೆ ಮಲೆನಾಡಿನ ಶುಂಠಿಯ ಗದ್ದೆಗೆ ಬಂದು ನೋಡಿ, ಗೇಣಿ ಮತ್ತೆ ಹುಟ್ಟಿ ಓಡಾಡುತ್ತಿದೆ. ಕಾನೂನಿನ ಕಣ್ಣಿಗೆ ಇಲ್ಲದ ಮನುಷ್ಯನಿಗೆ ಇಲಾಖೆಯ ಪುಡಿ ಸಿಗುವುದಿಲ್ಲ. ಆತ ಅಂಗಡಿಗೇ ಹೋಗಬೇಕು, ತಗಡಿನ ಕೆಳಗೆ ಸತ್ತ ಪುಡಿಯನ್ನೇ ಪೂರ್ತಿ ಬೆಲೆಗೆ ಕೊಳ್ಳಬೇಕು. ಬೆಳೆ ಹೋದರೆ ಪರಿಹಾರವೂ ಪಹಣಿಯಲ್ಲಿ ಹೆಸರಿರುವವನಿಗೆ. ಭೂಮಿಯ ಒಡೆಯನು ಮುಂಗಡವನ್ನೂ ಎಣಿಸಿಕೊಂಡ, ಪರಿಹಾರವನ್ನೂ ಎಣಿಸಿಕೊಂಡ. ಕೊಳೆತ ಗಡ್ಡೆಯನ್ನು ಅಗೆದು ಹಾಕುವ ಕೂಲಿ ಮಾತ್ರ ಒಕ್ಕಲಿನದು. ಬೆಳೆ ಸಮೀಕ್ಷೆಯಲ್ಲಿ ಮೊಬೈಲಿನಿಂದ ಹೊಲದ ಚಿತ್ರ ಹಿಡಿಯುವ ಇಲಾಖೆಗೆ ಆ ಹೊಲದಲ್ಲಿ ಬೆನ್ನು ಬಗ್ಗಿಸಿದವನು ಯಾರೆಂದು ಬರೆದುಕೊಳ್ಳಲು ಒಂದು ಕಲಮು ಸೇರಿಸುವುದು ಅಸಾಧ್ಯವೆ?

ನಮ್ಮ ಕಡೆಯ ಗೆಳೆಯರಿಗೂ ಎರಡು ಮಾತು ಹೇಳಬೇಕು. ಜೀವಾಣುವೆಂದರೆ ಸರ್ವರೋಗಕ್ಕೂ ಮದ್ದು, ಮೈಲುತುತ್ತವನ್ನು ನಾಳೆಯೇ ಹೊಳೆಗೆ ಎಸೆಯೋಣ ಎಂದು ಭಾಷಣ ಮಾಡುವವರು ಜೋರು ಮಳೆಯ ಶ್ರಾವಣದಲ್ಲಿ ಅಡಕೆ ತೋಟದೊಳಗೆ ನಿಂತು ಮಾತನಾಡಲಿ. ಮರದ ತುದಿಯ ಕೊನೆಗೆ ಬೀಳುವ ಕೊಳೆಯನ್ನು ಬೇರಿನ ಬ್ಯಾಕ್ಟೀರಿಯ ತಡೆಯುತ್ತದೆಂದು ನಾವು ಹೇಳಲಾರೆವು. ಅಲ್ಲಿ ಕೋಲ್ಮನ್ನರ ಸುಣ್ಣ-ಮೈಲುತುತ್ತವೇ ಇಂದಿಗೂ ಆಸರೆ. ಬ್ಯಾಕ್ಟೀರಿಯದ ಕಣ ಮಣ್ಣು, ಬೀಜ, ಬೇರು. ಅಲ್ಲಿಯೂ ಅದು ಕಾವಲುಗಾರ, ವೈದ್ಯನಲ್ಲ. ಗಡ್ಡೆ ಕೊಳೆತ ಮೇಲೆ ಹೊಯ್ದರೆ ಫಲವಿಲ್ಲ. ಒಂದು ಹೊಲದಲ್ಲಿ ಗೆದ್ದ ತಳಿ ಇನ್ನೊಂದು ಹೊಲದಲ್ಲಿ ಸೋಲುವುದುಂಟು, ಏಕೆಂದರೆ ಮಣ್ಣಿನಲ್ಲಿ ಮೊದಲೇ ಕುಳಿತವರು ಹೊಸಬನಿಗೆ ಸುಲಭವಾಗಿ ಜಾಗ ಬಿಡುವುದಿಲ್ಲ. ಅದಕ್ಕೇ ಗೊಬ್ಬರದೊಡನೆ ಬೆರೆಸಿ, ಹಸಿ ಇರುವ ಮಣ್ಣಿಗೆ, ಬಿಸಿಲು ಇಳಿದ ಮೇಲೆ ಹಾಕಬೇಕು. ಅದರೊಡನೆ ಮೈಲುತುತ್ತವನ್ನು ಬೆರೆಸಿದರೆ ಕಾವಲುಗಾರನನ್ನು ನಾವೇ ಕೊಂದಂತೆ. ಶುಂಠಿಯಲ್ಲಿ ಇನ್ನೊಂದು ಪೇಚಿದೆ: ಹಸಿರಾಗಿಯೇ ಸೊರಗಿ ಬೀಳುವ ರೋಗಕ್ಕೆ ಕಾರಣ ಶಿಲೀಂಧ್ರವಲ್ಲ, ರಾಲ್‌ಸ್ಟೋನಿಯ ಎಂಬ ದುಷ್ಟ ಬ್ಯಾಕ್ಟೀರಿಯ. ಯಾವ ರೋಗವೆಂದು ನೋಡದೆ ಪುಡಿ ಮಾರುವವನು ಮೋಸಗಾರ. ನೀರು ನಿಲ್ಲುವ ಗದ್ದೆಗೆ ಬಸಿಗಾಲುವೆ ತೆಗೆಯದೆ, ರೋಗದ ಹೊಲದ ಗಡ್ಡೆಯನ್ನೇ ಬಿತ್ತನೆಗೆ ತಂದರೆ, ಹತ್ತು ಕೋಟಿಯಲ್ಲ ಹತ್ತು ಲಕ್ಷ ಕೋಟಿ ಬ್ಯಾಕ್ಟೀರಿಯ ಸುರಿದರೂ ನಡೆಯದು.

ಹಾಗಾದರೆ ದಾರಿ ಏನು ಎಂದು ಕೇಳುವವರಿಗೆ ಸಣ್ಣ ದ್ವೀಪವೊಂದರ ಉದಾಹರಣೆ ಕೊಡುತ್ತೇವೆ. ಕ್ಯೂಬಾದಲ್ಲಿ 1988ರಿಂದ ಮೊದಲುಗೊಂಡು ಹಳ್ಳಿಗಾಡಿನಲ್ಲಿ ಇಂತಹ ಉಪಕಾರಿ ಜೀವಿಗಳನ್ನು ಬೆಳೆಸುವ ಸಣ್ಣ ಸಣ್ಣ ಕೇಂದ್ರಗಳನ್ನು ಕಟ್ಟಿದರು. ಅವು ಇನ್ನೂರನ್ನು ಮೀರಿದವು. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದು ಔಷಧದ ಆಮದು ತೀರ ಇಳಿದಾಗ, ಹಳ್ಳಿಯ ಹುಡುಗರೇ ನಡೆಸುತ್ತಿದ್ದ ಆ ಕೇಂದ್ರಗಳು ಬೆಳೆಯನ್ನು ಕಾದವು. ಅಲ್ಲಿಯ ಆಡಳಿತದ ಬಗ್ಗೆ ನಮಗೆ ಬೇರೆ ತಕರಾರುಗಳಿವೆ. ಆದರೆ ಜೀವಂತ ಸರಕನ್ನು ದೂರದ ಕಾರ್ಖಾನೆಯಲ್ಲಿ ತುಂಬಿ, ಲಾರಿಯಲ್ಲಿ ಬೇಯಿಸಿ, ಅಂಗಡಿಯಲ್ಲಿ ಒಣಗಿಸುವುದಕ್ಕಿಂತ, ಹೊಲದ ಹತ್ತಿರ ಬೆಳೆಸಿ ವಾರದೊಳಗೆ ಮಣ್ಣಿಗೆ ಹಾಕುವುದು ಸರಿಯೆಂದು ತಿಳಿಯಲು ಯಾವ ವಾದಕ್ಕೂ ಸೇರಬೇಕಾಗಿಲ್ಲ.

ನಮ್ಮಲ್ಲಿ ಏನು ಕೊರತೆ? ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ "ಅರ್ಕಾ" ಹೆಸರಿನ ಸೂಕ್ಷ್ಮಜೀವಿ ಮಿಶ್ರಣ ತಯಾರಿಸಿದೆ. ಉತ್ತರ ಪ್ರದೇಶದ ಮವುವಿನಲ್ಲಿ ಕೃಷಿಗೆ ಬೇಕಾದ ಸೂಕ್ಷ್ಮಜೀವಿಗಳ ರಾಷ್ಟ್ರೀಯ ಭಂಡಾರವೇ ಇದೆ. ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗಗಳಲ್ಲಿ ವಿಶ್ವವಿದ್ಯಾನಿಲಯಗಳಿವೆ. ಸಾರ್ವಜನಿಕ ಹಣದಿಂದ ಹುಟ್ಟಿದ ತಳಿಗಳನ್ನು ಪರವಾನಗಿ ಕಟ್ಟಿಸಿಕೊಂಡು ಖಾಸಗಿ ಕಂಪನಿಗಳಿಗೆ ಹಂಚುವ ಸಂಸ್ಥೆಗಳು, ಅವನ್ನೇ ಅಡಕೆ ಮಾರಾಟದ ಸೊಸೈಟಿಗಳಿಗೆ, ವ್ಯವಸಾಯ ಸೇವಾ ಸಹಕಾರ ಸಂಘಗಳಿಗೆ, ಹೆಂಗಸರ ಸ್ವಸಹಾಯ ಸಂಘಗಳಿಗೆ ಶುಲ್ಕವಿಲ್ಲದೆ ಕೊಡಲಿ. ಪ್ರತಿ ವರ್ಷ ಶುದ್ಧ ಮೂಲತಳಿಯನ್ನು ಒದಗಿಸುವ ಹೊಣೆ ವಿಶ್ವವಿದ್ಯಾನಿಲಯದ್ದಾಗಲಿ, ಎಣಿಸುವ ಹೊಣೆ ತಾಲ್ಲೂಕಿನ ಕೋಣೆಯದ್ದಾಗಲಿ. ಸೊಸೈಟಿಗಳಲ್ಲಿ ದೊಡ್ಡ ತೋಟದವರೇ ನಿರ್ದೇಶಕರಾಗಿ ಕುಳಿತಿದ್ದಾರೆ, ಪುಡಿ ಮೊದಲು ಅವರ ಮನೆಗೇ ಹೋದೀತು ಎಂಬುದು ನಮಗೆ ಗೊತ್ತಿಲ್ಲದ ಸಂಗತಿಯಲ್ಲ. ಸಂಘದ ಸದಸ್ಯತ್ವವನ್ನು ಗೇಣಿಯವರಿಗೂ ಕೂಲಿಗಾರರಿಗೂ ತೆರೆಯಬೇಕೆಂಬ ನಮ್ಮ ಹಳೆಯ ಬೇಡಿಕೆ ಇದಕ್ಕೂ ಅಂಟಿಕೊಂಡೇ ಬರುತ್ತದೆ.

ಈ ಮಳೆಗಾಲದಲ್ಲಿ ಇಂತಹ ಪುಡಿ ಕೊಂಡ ವಾಚಕರು ಖಾಲಿ ಪೊಟ್ಟಣವನ್ನು ಎಸೆಯದೆ ಇಟ್ಟುಕೊಳ್ಳಬೇಕು. ತಯಾರಿಕೆಯ ತಾರೀಖು, ಅವಧಿ, ಬ್ಯಾಚಿನ ಸಂಖ್ಯೆ, ಕೊಟ್ಟ ಬೆಲೆ, ರಸೀದಿ ಕೊಟ್ಟರೋ ಇಲ್ಲವೋ ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ನಮ್ಮ ಕಚೇರಿಗೆ ಕಳುಹಿಸಿದರೆ, ಒಡೆಯದ ಪೊಟ್ಟಣಗಳೊಡನೆ ಅವನ್ನು ಜಂಟಿ ನಿರ್ದೇಶಕರ ಮೇಜಿನ ಮೇಲೆ ಇಟ್ಟು, ನಮ್ಮ ಕಣ್ಣೆದುರಿಗೇ ಮಾದರಿ ಎತ್ತಿ ಎಣಿಸುವಂತೆ ಕೇಳಲಿದ್ದೇವೆ. ಅವರು ಕೊಟ್ಟ ಉತ್ತರವನ್ನು, ಅಥವಾ ಉತ್ತರ ಕೊಡಲಿಲ್ಲವೆಂಬುದನ್ನು, ಇದೇ ಪುಟದಲ್ಲಿ ಅಚ್ಚು ಮಾಡುತ್ತೇವೆ.